ಕೊನೇ ಬಿಗಿ

ಕಾರಿಗೆ ಹೊಸ ಟೈರು ಹಾಕಿಸುವುದೆಂದರೆ ಅರ್ಧ ದಿನ ಬೈಸಿಕೊಳ್ಳುವುದು ಎಂದು ಕೊಳ್ಳೇಗಾಲದಲ್ಲಿ ಅವರ ಅಂಗಡಿಗೆ ಹೋದವರಿಗೆಲ್ಲ ಗೊತ್ತಿತ್ತು. ಬೇರೆ ಕಡೆಯಾದರೆ ಕೀ ಕೊಟ್ಟು, ತಿಂಡಿ ತಿಂದು, ರೇಷ್ಮೆ ಸೀರೆ ಅಂಗಡಿಯಲ್ಲಿ ಒಂದಿಷ್ಟು ಸೀರೆ ಬಿಚ್ಚಿಸಿ, ಏನೂ ಕೊಳ್ಳದೆ ಎದ್ದು ಬರುವಷ್ಟರಲ್ಲಿ ಕಾರು ತಯಾರಾಗಿ ನಿಂತಿರುತ್ತದೆ. ಇವರಲ್ಲಿ ಆ ಆಟ ನಡೆಯುತ್ತಿರಲಿಲ್ಲ. ಅಂಗಡಿಯ ಮುಂದೆ ಒಂದು ಕಲ್ಲುಬೆಂಚು. ಅದರ ಮೇಲೆ ಕೂರಬೇಕು, ನೋಡಬೇಕು, ಅವರು ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು. ಯಾರಾದರೂ ಫೋನಿನಲ್ಲಿ ಮುಖ ಹುದುಗಿಸಿದರೆ ಮುಗಿಯಿತು.

"ಏನ್ ಸಾ, ಮಗೀನ ಆಪ್ರೇಸನ್‌ಗೆ ಒಳಿಕ್ ಕಳ್ಸ್‌ಬುಟ್ಟು ನೀವು ಸಿನಿಮಾ ನೋಡ್ತಾ ಕೂತ್ಕತೀರಾ? ನೋಡಿ ಇಲ್ಲಿ. ನಿಮ್ ಕಾರು ಇದು, ನಂದಲ್ಲ."

ಅವರು ಈ ಸಲದ ಮಳೆ ಹಿಡಿಯುವ ಮುಂಚೆ ತೀರಿಕೊಂಡರು. ಸುದ್ದಿ ಕೇಳಿದಾಗ ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಕಣ್ಣು ಒರೆಸಿಕೊಂಡಿದ್ದು ನೋಡಿ ಪಕ್ಕದ ಮೇಡಂ, "ಯಾರ್ರೀ, ನೆಂಟರಾ?" ಎಂದರು. "ಟೈರ್ ಅಂಗಡಿಯವರು" ಎಂದೆ. ಆಯಮ್ಮ ನನ್ನ ಮುಖವನ್ನೇ ನೋಡಿದರು. ಯಾರಿಗಾದರೂ ಅದನ್ನು ಹೇಗೆ ಬಿಡಿಸಿ ಹೇಳುವುದು? ಅದಕ್ಕೇ ಬರೆಯಲು ಕೂತಿದ್ದೇನೆ. ಹೆಸರು ಬರೆಯುವುದಿಲ್ಲ. ಬರೆದಿದ್ದರೆ, "ನನ್ ಎಸ್ರು ಬರ್ದ ಮೇಲೆ ಅಂಗಡಿ ಎಲ್ಲದೆ ಅಂತ್ಲೂ ಬರೀಬೇಕಲ್ವ ಟೀಚರಮ್ಮ, ಯಾಪಾರನಾದ್ರೂ ಆಯ್ತದೆ" ಎಂದು ಗ್ಯಾರಂಟಿ ಹೇಳುತ್ತಿದ್ದರು.

ನಾನು ಯಳಂದೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಮನೆ ಸತ್ತೇಗಾಲದಲ್ಲಿ. ನಮ್ಮ ಯಜಮಾನರು ಗದ್ದೆ, ಕಬ್ಬು, ತೆಂಗು ಎಂದು ಹೊಲದಲ್ಲೇ ಇರುವವರು, ಟ್ರ್ಯಾಕ್ಟರನ್ನು ಯಾವ ಹಳ್ಳಕ್ಕೆ ಬೇಕಾದರೂ ಇಳಿಸುತ್ತಾರೆ, ಕಾರಿನ ಸ್ಟೇರಿಂಗ್ ಮುಟ್ಟಿದರೆ ಮಾತ್ರ ಬೆವರುತ್ತಾರೆ. ಹಾಗಾಗಿ ಮನೆಯ ಕಾರು ನನ್ನದು, ಅದರ ಟೈರಿನ ಚಿಂತೆಯೂ ನನ್ನದು. ಸತ್ತೇಗಾಲದಿಂದ ಕೊಳ್ಳೇಗಾಲ ದಾಟಿ ಯಳಂದೂರಿಗೆ ದಿನಾ ಹೋಗಿ ಬರುವ ದಾರಿ. ಟೈರು ಸವೆಯದೆ ಇರುತ್ತದೆಯೇ?

ಮೊದಲ ಸಲ ಅವರ ಅಂಗಡಿಗೆ ಹೋದಾಗ ಒಂಟಿ ಹೆಂಗಸು ಎಂದು ಏನಾದರೂ ತಲೆಗೆ ಕಟ್ಟುತ್ತಾರೇನೋ ಎಂದು ನಾನು ಮುಖ ಗಂಟು ಹಾಕಿಕೊಂಡೇ ಇಳಿದಿದ್ದೆ. ಕುಳ್ಳು ಆಳು, ಗಟ್ಟಿ ಮೈ, ಎದೆಯ ತುಂಬ ಬಿಳಿ ಕೂದಲು, ಮೇಲೆ ಬೆಳ್ಳಗಿನ ಬನಿಯನ್ನು. ಟೈರ್ ಅಂಗಡಿಯಲ್ಲಿ ಬನಿಯನ್ನು ಅಷ್ಟು ಬೆಳ್ಳಗೆ ಹೇಗೆ ಇರುತ್ತದೆ ಎನ್ನುವುದು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ದನಿಯೋ, ದೇವರೇ ಕಾಪಾಡಬೇಕು. ಹಿಂದಿನ ಸೀಟಿನ ನೋಟ್‌ಬುಕ್ಕಿನ ರಾಶಿ ನೋಡಿಯೇ ನನ್ನ ಕೆಲಸವನ್ನು ಪತ್ತೆಹಚ್ಚಿದ್ದರು. ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಕೂತವರಿಗೂ ನನ್ನ ಕಾರಿನ ಹಣೆಬರಹ ತಿಳಿಯಿತು.

"ಅಯ್ಯಯ್ಯೋ ಟೀಚರಮ್ಮ! ಇದೇನ್ ಟೈರಾ, ಬೋಳುಮಂಡೆಯಾ? ಇದ್ರಲ್ಲಿ ಮಳೇಲಿ ಓಡಾಡ್ತಾ ಇದ್ರಾ? ಯಜಮಾನ್ರು ಏನೂ ಅನ್ನಲ್ವಾ?"

"ಯಜಮಾನರಿಗೆ ಟೈರು ಎಷ್ಟಿವೆ ಅಂತಲೇ ಗೊತ್ತಿಲ್ಲ, ನೀವು ಕೆಲಸ ನೋಡಿ" ಎಂದೆ. ಅವರು ಹೊಟ್ಟೆ ಕುಲುಕಿಸಿ ನಕ್ಕರು. ನಮ್ಮಿಬ್ಬರಿಗೂ ಆವತ್ತಿನಿಂದಲೇ ಸರಿಹೋಯಿತು.

ಅವರದೊಂದು ಪದ್ಧತಿ ಇತ್ತು. ಏನೇ ಮಾಡುವ ಮುಂಚೆ ಅದನ್ನು ಗಿರಾಕಿಗೆ ಹೇಳಿಯೇ ಮಾಡುವುದು. ಹೆರಿಗೆಗೆ ಬಂದ ಚೊಚ್ಚಲ ಬಸುರಿಗೆ ದೊಡ್ಡಮ್ಮಂದಿರು ಹೇಳುವ ಹಾಗೆ ಒಂದೊಂದೇ ಬಿಡಿಸಿ ಹೇಳುತ್ತಿದ್ದರು. "ಈಗ ಜಾಕ್ ಆಕ್ತೀವಿ, ಕಾರು ಒಂದ್ ಕಡಿಕ್ ವಾಲ್ತದೆ, ಎದ್ರುಕಬ್ಯಾಡಿ." "ಈಗ ಅಳೇ ಟೈರ್ನ ಮಿಸಿನ್ ಮೇಲೆ ಆಕಿ ರಿಮ್ಮಿಂದ ಬುಡುಸ್ತೀವಿ, ಕಿರ್ ಅಂತದೆ, ಅದು ರಬ್ಬರಿನ ಸದ್ದು, ಕಾರಿಂದಲ್ಲ." "ಇದು ಸೋಪ್ ನೀರು. ಒಸ ಟೈರು ರಿಮ್ ಮೇಲೆ ಜಾರ್ಕಂಡು ಕೂತ್ಕಬೇಕಲ್ಲ, ಅದುಕ್ಕೆ." ಹೊಸ ಟೈರನ್ನು ತಂದು ಮುಂದೆ ನಿಲ್ಲಿಸಿ, ಯಾವ ವಾರ ಯಾವ ವರ್ಷ ತಯಾರಾದದ್ದು ಎಂದು ಅದರ ಮೈಮೇಲಿನ ಅಂಕಿ ತೋರಿಸಿ, ನಮ್ಮ ಬಾಯಿಂದಲೇ ಓದಿಸುತ್ತಿದ್ದರು. ನಾನು ಓದಿದರೆ ಸಾಲದು, ಕೈಯಿಂದ ಮುಟ್ಟಿ ನೋಡಬೇಕು. ಆಮೇಲೆ ಚಕ್ರವನ್ನು ಬ್ಯಾಲೆನ್ಸ್ ಮಾಡುವ ಯಂತ್ರಕ್ಕೆ ಏರಿಸಿ ಗಿರ್ರನೆ ತಿರುಗಿಸಿ, ಎಲ್ಲಿ ಭಾರ ಕಮ್ಮಿಯೋ ಅಲ್ಲಿ ಒಂದು ಸೀಸದ ತುಂಡು ಅಂಟಿಸುವುದು. "ಮಗೀಗೆ ದೃಷ್ಟಿಬೊಟ್ಟು ಇಟ್ಟಂಗೆ" ಎನ್ನುತ್ತಿದ್ದರು.

ಇಷ್ಟೆಲ್ಲ ಮುಂಚಿತವಾಗಿ ಹೇಳುವುದು ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ ಕೌದಳ್ಳಿಯ ಅಜ್ಜಿಯೊಬ್ಬರ ಕಥೆ ಹೇಳಿದರು. ಮೊಮ್ಮಗನ ಕಾರಿನಲ್ಲಿ ಬಂದಿದ್ದ ಅಜ್ಜಿ ಬೆಂಚಿನ ಮೇಲೆ ಎಲೆಅಡಿಕೆ ಹಾಕುತ್ತಾ ಕೂತಿದ್ದಾರೆ. ಹೊಸ ಟೈರಿಗೆ ಗಾಳಿ ತುಂಬುವಾಗ ಅದರ ಅಂಚು ರಿಮ್ಮಿಗೆ ಕಚ್ಚಿಕೊಳ್ಳುವ ಹೊತ್ತಿಗೆ 'ಢಬ್' ಎಂದು ದೊಡ್ಡ ಸದ್ದು ಬರುತ್ತದೆ. ಅಜ್ಜಿ ಎಲೆಅಡಿಕೆ ಚೀಲ ಎಸೆದು, ಮಾದಪ್ಪಾ ಎಂದು ಕೂಗಿಕೊಂಡು ಓಡಿದವರು ಬಸ್‌ಸ್ಟ್ಯಾಂಡ್ ತಲುಪುವವರೆಗೂ ನಿಲ್ಲಲಿಲ್ಲವಂತೆ. ಮೊಮ್ಮಗ ಹುಡುಕಿಕೊಂಡು ಹೋದರೆ ಅಜ್ಜಿ ಹನೂರು ಬಸ್ಸು ಹತ್ತಿ ಕೂತಿದ್ದಾರೆ. "ಆ ಕಾರ್ಗೆ ನಾನ್ ಅತ್ತಲ್ಲ, ಅದು ಸಿಡೀತದೆ" ಎಂದು ಹಟ. ಕಾರು ಮುಂದೆ, ಬಸ್ಸು ಹಿಂದೆ, ಅಜ್ಜಿ ಬಸ್ಸಿನಲ್ಲೇ ಊರಿಗೆ ಹೋದರಂತೆ.

"ಅವತ್ತಿಂದ ಏಳ್ದೆ ಏನೂ ಮಾಡಲ್ಲ ಟೀಚರಮ್ಮ. ಎದ್ರುಕೆ ಎಲ್ಲಿಂದ ಬತ್ತದೆ ಏಳಿ? ಮುಂದ್ಲುದು ಏನು ಅಂತ ಗೊತ್ತಿಲ್ದಿದ್ರೆ ಬತ್ತದೆ."

ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಎಂದಲ್ಲ. ಬೇಕಾದಷ್ಟು ತಲೆಬುಡ ಇಲ್ಲದ್ದನ್ನೂ ಹೇಳುತ್ತಿದ್ದರು. ಹೊಸ ಟೈರಿನ ಮೈಮೇಲೆ ಸಣ್ಣಸಣ್ಣ ರಬ್ಬರ್ ಕೂದಲು ಇರುತ್ತವಲ್ಲ, ಅದನ್ನು ಕೀಳಬಾರದು, ಕಿತ್ತರೆ ಟೈರಿನ ಆಯಸ್ಸು ಕಮ್ಮಿ ಎನ್ನುವುದು ಅವರ ಸಿದ್ಧಾಂತ. ನಾನು ಬಿಡುತ್ತೇನೆಯೇ? ಅಚ್ಚಿನಲ್ಲಿ ಗಾಳಿ ಹೋಗಲು ತೂತು ಬಿಟ್ಟಿರುತ್ತಾರೆ, ಅಲ್ಲಿ ರಬ್ಬರು ತೂರಿಕೊಂಡು ಹಾಗಾಗುತ್ತದೆ, ಅದಕ್ಕೂ ಆಯಸ್ಸಿಗೂ ಸಂಬಂಧವಿಲ್ಲ ಎಂದು ಪಾಠವನ್ನೇ ಮಾಡಿದೆ. ಕೈ ಕಟ್ಟಿಕೊಂಡು ಕೇಳಿದರು. ಸ್ವಲ್ಪ ದಿನದ ಮೇಲೆ ಗಾಳಿ ಹಾಕಿಸಲು ಹೋದರೆ, ಬೆಂಚಿನ ಮೇಲಿದ್ದ ಯಾರಿಗೋ, "ಅದು ಟೈರು ಉಸ್ರಾಡೋ ತೂತು ಕನ ಸಾ, ಸೈನ್ಸ್ ಪ್ರಕಾರ ಅದ್ನ ಕೀಳಂಗಿಲ್ಲ" ಎನ್ನುತ್ತಿದ್ದಾರೆ! ನನ್ನನ್ನು ಕಂಡು ಕಣ್ಣು ಮಿಟುಕಿಸಿದರು. ಸಿಟ್ಟು ಬಂದರೂ ನಗು ತಡೆಯಲಾಗಲಿಲ್ಲ.

ಗಟ್ಟಿ ಗಿರಾಕಿಗಳಿಗೂ ಅವರು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ನಮ್ಮ ಯಜಮಾನರು ಹಳೇ ಟೈರನ್ನು ಮನೆಗೆ ತೆಗೆದುಕೊಂಡು ಬಾ, ಯಾರಿಗಾದರೂ ಕೊಡೋಣ ಎಂದಿದ್ದರು. ಇವರು ಕೊಡಲೇ ಇಲ್ಲ. "ಇದ್ನ ನೀವು ಯಾರ್ಗೋ ಕೊಡ್ತೀರಿ, ಅವ್ನು ತನ್ ಕಾರ್ಗೆ ಆಕ್ಕತಾನೆ, ಬೆಟ್ಟುಕ್ ಓಯ್ತಾನೆ. ಆಮೇಲೆ?" ಎಂದು ನನ್ನೆದುರೇ ಚೂರಿ ತೆಗೆದು ಪಕ್ಕೆ ಸೀಳಿ, "ಈಗ ತಕಂಡೋಗಿ, ದನಕ್ಕ ನೀರಿಡಕೆ ಆಯ್ತದೆ" ಎಂದರು.

ಬೆಟ್ಟ ಎಂದರೆ ಮಾದಪ್ಪನ ಬೆಟ್ಟ. ಅಮಾವಾಸ್ಯೆ ಹತ್ತಿರ ಬಂತೆಂದರೆ ಅವರಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಹನೂರು ದಾಟಿ, ಕೌದಳ್ಳಿ ದಾಟಿ ಘಾಟಿ ಹತ್ತಿ ಇಳಿಯುವ ಕಾರುಗಳೆಲ್ಲ ಅವರ ತಲೆಯೊಳಗೇ ಓಡುತ್ತಿದ್ದವು. ಘಾಟಿಯ ತಿರುವಿನಲ್ಲಿ ಎದುರು ಬಸ್ಸು ಬಂದಾಗ ಟೈರು ಏನು ಮಾಡಬೇಕು, ಏನು ಮಾಡುತ್ತದೆ ಎಂದು ಕೈಯಾಡಿಸಿ ತೋರಿಸುತ್ತಿದ್ದರು. ಅಷ್ಟು ಹೇಳುವ ಮನುಷ್ಯನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. "ಅಷ್ಟು ಜನ ಓಡುಸ್ತಾ ಅವ್ರಲ್ಲ, ನಾನೂ ಯಾಕೆ" ಎಂದು ತೇಲಿಸಿಬಿಟ್ಟರು.

ಓಡಿಸಲು ಬಾರದಿದ್ದರೂ ಕಾರಿನಲ್ಲಿ ಕೂರುವುದು ಮಾತ್ರ ಬಿಡುತ್ತಿರಲಿಲ್ಲ. ಅದು ಅವರ ಇನ್ನೊಂದು ಪದ್ಧತಿ, ಇನ್ನೆಲ್ಲೂ ನಾನು ಕಾಣದ್ದು. ಹೊಸ ಟೈರು ಹಾಕಿದ ಕಾರನ್ನು ಅವರು ಹಾಗೇ ಕಳಿಸುತ್ತಿರಲಿಲ್ಲ. ಕೆಲಸ ಮುಗಿದ ಮೇಲೆ ಒಳಗೆ ಹೋಗಿ ಕೈಕಾಲು ಮುಖ ತೊಳೆದು, ಬನಿಯನ್ನಿನ ಮೇಲೆ ಒಂದು ಅಂಗಿ ಹಾಕಿಕೊಂಡು, ಚಕ್ರದ ಸ್ಪ್ಯಾನರನ್ನು ಚೀಲದಲ್ಲಿಟ್ಟುಕೊಂಡು, ಮುಂದಿನ ಸೀಟಿನಲ್ಲಿ ಬಂದು ಕೂರುವುದು. ನಾವು ಹನೂರಿನ ಕಡೆಯವರಾದರೆ ಹನೂರಿನವರೆಗೆ, ಯಳಂದೂರಿನವರಾದರೆ ಯಳಂದೂರಿನವರೆಗೆ, ನನ್ನಂಥವರಾದರೆ ಸತ್ತೇಗಾಲದವರೆಗೆ. ಹೊಸ ಟೈರು ಮೊದಮೊದಲು ಜಾರುತ್ತದೆ, ಜೋರಾಗಿ ಬ್ರೇಕ್ ಒತ್ತಬೇಡಿ, ತಿರುವಿನಲ್ಲಿ ಮೆಲ್ಲಗೆ ಎಂದು ದಾರಿಯುದ್ದಕ್ಕೂ ಹೇಳುವುದು. ನಡುದಾರಿಯಲ್ಲಿ ಒಮ್ಮೆ ನಿಲ್ಲಿಸಿ, ಇಳಿದು, ನಟ್ಟುಗಳನ್ನೆಲ್ಲ ಇನ್ನೊಮ್ಮೆ ಒತ್ತಿ ನೋಡುವುದು. ಊರು ಬಂದ ಮೇಲೆ ಒಂದು ಟೀ ಕುಡಿದು ಬಸ್ಸಿನಲ್ಲಿ ವಾಪಸು. ಕಂಡಕ್ಟರುಗಳಿಗೆಲ್ಲ ಅವರು ಪರಿಚಯ.

ಹಿಂದೆ ಏನೋ ಅನಾಹುತ ಆಗಿರಬೇಕು, ಅದಕ್ಕೇ ಹೀಗೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು. ನಾನು ನೇರವಾಗಿಯೇ ಕೇಳಿದೆ. "ಯಾವ ಅನಾವ್ತಾನೂ ಇಲ್ಲ, ಎಂತ ಜನಾನಪ್ಪ" ಎಂದು ಬೈದುಕೊಂಡು, "ಎಣ್ಣ ಮದ್ವೆ ಮಾಡ್ದ ಮೇಲೆ ಗಂಡನ್ ಮನೆಗಂಟ ಓಗಿ ಬುಟ್ಟು ಬರಲ್ವಾ? ಬಸ್ ಅತ್ಸಿ ಓಗವ್ವ ಅಂತೀವಾ?" ಎಂದರು. ನನಗೆ ಬಹಳ ಹಿಡಿಸಿದ ಮಾತು ಅದು. ಅವರ ಮಗಳು ರತ್ನನನ್ನು ಪಕ್ಕದ ಧನಗೆರೆಗೇ ಕೊಟ್ಟಿದ್ದರು. ಅವಳನ್ನು ಬಿಟ್ಟು ಬರಲು ಹೋದವರು ನಾಲ್ಕಾರು ದಿನ ಅಲ್ಲೇ ಉಳಿದು ಬೀಗರಿಂದ ಬೈಸಿಕೊಂಡರು ಎಂದು ರತ್ನನೇ ಹೇಳಿ ನಗುತ್ತಿದ್ದಳು.

ರತ್ನ ದಿನಾ ಧನಗೆರೆಯಿಂದ ಸ್ಕೂಟರಿನಲ್ಲಿ ಬಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಟೈರು ಬಿಚ್ಚುವ ಯಂತ್ರ, ಬ್ಯಾಲೆನ್ಸಿಂಗು, ಅಲೈನ್‌ಮೆಂಟು ಎಲ್ಲ ಅವಳ ಕೈಯಲ್ಲಿ. ಚೂಡಿದಾರದ ಮೇಲೆ ಅಪ್ಪನ ಹಳೇ ಅಂಗಿ ಹಾಕಿಕೊಂಡು ನಿಂತಳೆಂದರೆ ಇಬ್ಬರು ಗಂಡಾಳು ಮಾಡುವುದನ್ನು ಮಾಡುತ್ತಿದ್ದಳು. ಅಪ್ಪನಷ್ಟೇ ಬಾಯಿ. ಅಪ್ಪ ಎಲ್ಲವನ್ನೂ ಅವಳಿಗೆ ಕಲಿಸಿದ್ದರು, ಎಲ್ಲವನ್ನೂ ಬಿಟ್ಟುಕೊಟ್ಟಿದ್ದರು. ಒಂದನ್ನು ಬಿಟ್ಟು.

ಅದು ಕೊನೇ ಬಿಗಿ. ನಟ್ಟು ಬಿಚ್ಚಲು ಗಾಳಿಯ ಗನ್ ಬಳಸುತ್ತಿದ್ದರು, ಹಾಕಲು ಬಳಸಕೂಡದು ಎನ್ನುವುದು ಅವರ ಕಟ್ಟಪ್ಪಣೆ. ಚಕ್ರ ಏರಿಸಿ ನಟ್ಟನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಜಾಕ್ ಇಳಿಸಿ, ಕಾರಿನ ಭಾರ ಪೂರ್ತಿ ನೆಲಕ್ಕೆ ಬಿದ್ದ ಮೇಲೆ, ಆಗ ಅವರು ಬರುವುದು. ಉದ್ದನೆಯ ಸ್ಪ್ಯಾನರ್ ಹಿಡಿದು, ಒಂದು ನಟ್ಟು, ಆಮೇಲೆ ಅದರ ಎದುರಿನದು, ಹೀಗೆ ಅಡ್ಡಡ್ಡಲಾಗಿ ಒಂದೊಂದನ್ನೇ ಒತ್ತಿ ಬಿಗಿಯುವುದು. ಆ ಹೊತ್ತಿನಲ್ಲಿ ಮಾತ್ರ ಅವರ ಬಾಯಿ ಮುಚ್ಚಿರುತ್ತಿತ್ತು. ಅಂಗಡಿಯಲ್ಲಿ ಎಂಥದೇ ಗಲಾಟೆ ಇರಲಿ, ಅವರು ಕೂತು ಬಿಗಿಯುವಾಗ ನಾವೂ ಯಾಕೋ ಸುಮ್ಮನಾಗುತ್ತಿದ್ದೆವು.

ಹೋದ ವರ್ಷ ಅವರಿಗೆ ಸಣ್ಣದಾಗಿ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿದ್ದು ಬಂದರು. ಮಾತು ಸರಿಹೋಯಿತು, ಕಾಲೂ ಸರಿಹೋಯಿತು, ಬಲಗೈ ಮಾತ್ರ ಮೊದಲಿನಂತಾಗಲಿಲ್ಲ. ಟವೆಲನ್ನು ಆ ಕೈ ಮೇಲೆ ಹಾಕಿಕೊಂಡು ಓಡಾಡುತ್ತಿದ್ದರು, ಟೀ ಲೋಟ ಎಡಗೈಯಲ್ಲಿ ಹಿಡಿಯುತ್ತಿದ್ದರು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ರತ್ನ ಹಾಗಿರಲಿಲ್ಲ. ಒಂದು ದಿನ ನನ್ನೆದುರೇ ಸ್ಪ್ಯಾನರಿಗೆ ಕೈ ಹಾಕಿದಳು.

"ಕೊನೇ ಬಿಗಿ ಇನ್ಮೇಲೆ ನಾನ್ ಮಾಡ್ತೀನಿ ಕನಪ್ಪ. ನಿನ್ ಕೈ ಸರ್ಯಾಗ್ಲಿ, ಆಮೇಲೆ ನೀನೇ ಮಾಡು."

"ನನ್ ಕೈಗೆ ಏನಾಗದೆ?"

"ಏನಾಗದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

"ನಾನ್ ಸತ್ತ ಮೇಲೆ ಮಾಡ್ಕ. ಈಗ ಬುಡು ಅದ್ನ."

ಅವಳು ಬಿಡಲಿಲ್ಲ, ಅವರೂ ಬಿಡಲಿಲ್ಲ. ಗಿರಾಕಿಗಳೆದುರು ಅಪ್ಪ ಮಗಳು ಒಂದು ಸ್ಪ್ಯಾನರನ್ನು ಎರಡು ಕಡೆ ಹಿಡಿದು ನಿಂತರು. ಕೊನೆಗೆ ಅವಳೇ ಸೋತು, "ಟೀಚರಮ್ಮ, ನೀವಾದ್ರೂ ಏಳಿ ಇವ್ರಿಗೆ" ಎಂದಳು. ನಾನು ಹೇಳಿದೆ, ಬೈದೇ ಹೇಳಿದೆ. ಅವರು ನನ್ನ ಕಡೆ ತಿರುಗಿ, ಎಂದೂ ಇಲ್ಲದ ಮೆಲುದನಿಯಲ್ಲಿ, "ಎಲ್ಲಾನೂ ಕೊಟ್ಬುಟ್ಟಿವ್ನಿ ಟೀಚರಮ್ಮ. ಅಂಗಡೀನೂ ಅವ್ಳ್ದೇ. ಇದೊಂದ್ ನಂಗಿರ್ಲಿ ಬುಡಿ. ಇದೂ ಓದ್ರೆ ಈ ಬೆಂಚಿನ್ ಮೇಲೆ ಕೂತ್ಕಂಡು ನೊಣ ಒಡೀಬೇಕು ಅಷ್ಟೆ" ಎಂದರು. ಆ ಮೇಲೆ ಆ ಮಾತು ನಾನೂ ಎತ್ತಲಿಲ್ಲ, ರತ್ನನೂ ಎತ್ತಿದ್ದು ಕಾಣಲಿಲ್ಲ. ಅಪ್ಪನ ಹಟ ಗೆದ್ದಿತು ಎಂದುಕೊಂಡೆ.

ಅದಾಗಿ ಕೆಲವು ತಿಂಗಳಿಗೆ ನನ್ನ ಕಾರಿನ ಮುಂದಿನ ಟೈರುಗಳು ಮತ್ತೆ ಸವೆದವು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹೋದೆ. ಎಂದಿನಂತೆ ಬೆಂಚು, ಎಂದಿನಂತೆ ಬೈಗುಳ. ಜಾಕ್ ಇಳಿಸುವ ಹೊತ್ತಿಗೆ ರತ್ನನಿಗೆ ಫೋನು ಬಂತು. ಧನಗೆರೆಯಲ್ಲಿ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಸ್ಕೂಟರಿನ ಕೀ ಹುಡುಕುತ್ತಲೇ ಅವಳು ನನ್ನ ಹತ್ತಿರ ಬಂದು, "ಟೀಚರಮ್ಮ, ನಾನ್ ಬರಗಂಟ ಓಗ್‌ಬ್ಯಾಡಿ. ಬೇಗ ಬಂದ್‌ಬುಡ್ತೀನಿ. ಇರ್ತೀರಲ್ಲ?" ಎಂದಳು. ಏನೋ ಮಾತಾಡುವುದಿರಬೇಕು ಎಂದುಕೊಂಡು ಆಯಿತು ಎಂದೆ.

ಅವರು ಎಲ್ಲಿ ಇರಲು ಬಿಡುತ್ತಾರೆ? ಕೊನೇ ಬಿಗಿ ಮುಗಿಸಿ, ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಸೀಟಿನಲ್ಲಿ ಕೂತೇಬಿಟ್ಟರು. "ರತ್ನ ಬರುವವರೆಗೆ ಇರಿ ಅಂದಿದ್ದಾಳೆ" ಎಂದೆ. "ಅವ್ಳತ್ತೆ ಬಿದ್ದವ್ರೆ, ಅವ್ಳೆಲ್ಲಿ ಬತ್ತಾಳೆ? ಆಮೇಲೆ ನಂಗೆ ವಾಪಸ್ ಬಸ್ ಸಿಗಲ್ಲ. ನಡೀರಿ" ಎಂದರು.

ಊರು ದಾಟಿದೆವು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬರುತ್ತಿದ್ದವು. ಅವರು ಎಂದಿನಂತೆ, "ಮೆಲ್ಲುಕ, ಒಸ ಟೈರು, ಗೊತ್ತಲ್ಲ" ಎನ್ನುತ್ತಾ ಇದ್ದವರು ನಡುವೆಯೇ ಮಾತು ನಿಲ್ಲಿಸಿದರು. ತಲೆ ಬಾಗಿಲ ಕಡೆ ವಾಲಿಸಿ ಕಿವಿಗೊಟ್ಟರು. ನನಗೂ ಕೇಳಿಸಿತು, ಎಡಗಡೆ ಮುಂದಿನಿಂದ ಟಕ್, ಟಕ್ ಎಂದು. ಸ್ಟೇರಿಂಗೂ ಕೈಯಲ್ಲಿ ಒಂದಿಷ್ಟು ಅದುರಿದಂತಾಯಿತು.

"ಕಲ್ಲು ಸಿಕ್ಕಿಕೊಂಡಿರಬೇಕು" ಎಂದೆ.

"ನಿಲ್ಸವ್ವ. ಬ್ರೇಕ್ ಒಡೀಬ್ಯಾಡ, ಅಂಗೇ ಮೆಲ್ಲುಕ್ ನಿಲ್ಸು."

ಯಾವತ್ತೂ ಏಕವಚನದಲ್ಲಿ ಮಾತಾಡಿಸದವರು ಹಾಗೆ ಅಂದಾಗಲೇ ಇದು ಬರೀ ಕಲ್ಲಲ್ಲ ಎಂದು ಗೊತ್ತಾಯಿತು. ರಸ್ತೆ ಪಕ್ಕ ನಿಲ್ಲಿಸಿದೆ. ಅವರು ಇಳಿದು ಚಕ್ರದ ಮುಂದೆ ಕೂತು ಸ್ಪ್ಯಾನರ್ ಹಾಕಿದರು. ನಟ್ಟು ಸಲೀಸಾಗಿ ತಿರುಗಿತು. ಇನ್ನೊಂದಕ್ಕೆ ಹಾಕಿದರು, ಅದೂ ತಿರುಗಿತು. ಬಿಗಿಯಲು ಒತ್ತಿದರು, ಕೈ ನಡುಗಿ ಸ್ಪ್ಯಾನರ್ ಜಾರಿ ಗೆಣ್ಣು ರಸ್ತೆಗೆ ತರಚಿತು. ಮತ್ತೆ ಒತ್ತಿದರು. ಮತ್ತೆ ಜಾರಿತು.

"ಕೊಡಿ ಇಲ್ಲಿ" ಎಂದೆ. ಕೊಡಲಿಲ್ಲ. ನನಗೆ ಭಯ, ಸಿಟ್ಟು, ಸಂಕಟ ಎಲ್ಲ ಒಟ್ಟಿಗೆ ಬಂದು, ಹುಡುಗರನ್ನು ಗದರಿಸುವ ದನಿಯಲ್ಲಿ, "ಕೊಡಿ ಅಂದರೆ ಕೊಡಬೇಕು!" ಎಂದೆ. ಕೊಟ್ಟರು. ನಾನು ಸೆರಗು ಸಿಕ್ಕಿಸಿ, ಚಪ್ಪಲಿ ಬಿಚ್ಚಿ, ಸ್ಪ್ಯಾನರಿನ ತುದಿಯ ಮೇಲೆ ಕಾಲಿಟ್ಟು ನಿಂತೆ. ನನ್ನ ಭಾರ ಅವತ್ತಾದರೂ ಉಪಯೋಗಕ್ಕೆ ಬಂತು. "ಒತ್ತವ್ವ. ಇನ್ನೊಸಿ. ಸಾಕು. ಈಗ ಎದುರ್ನುದು" ಎಂದು ಅವರು ಕೂತಲ್ಲಿಂದಲೇ ಹೇಳುತ್ತಿದ್ದರು. ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಸೀರೆಯುಟ್ಟ ಹೆಂಗಸು ಸ್ಪ್ಯಾನರಿನ ಮೇಲೆ ಕುಣಿಯುವುದನ್ನು ನೋಡಿ ಹಲ್ಲು ಬಿಟ್ಟು ಹೋದ. ಅವರು ಅವನ ಕಡೆ ತಲೆ ಎತ್ತಿಯೂ ನೋಡಲಿಲ್ಲ.

ಎಲ್ಲ ಚಕ್ರವನ್ನೂ ನೋಡಿ ಆದ ಮೇಲೆ ಕಾರಿನಲ್ಲಿ ಕೂತು, "ಸತ್ತೇಗಾಲಕ್ ಬ್ಯಾಡ. ಅಂಗಡಿಗ್ ತಿರುಗ್ಸಿ" ಎಂದರು. "ಏನೂ ಆಗಲಿಲ್ಲವಲ್ಲ ಅಣ್ಣಾ, ನಿಮಗೆ ಮೊದಲೇ ಗೊತ್ತಾಯಿತಲ್ಲ" ಎಂದು ನಾನು ಏನೇನೋ ಹೇಳಿದೆ. ಅವರಿಗೆ ಕೇಳಿಸುತ್ತಿರಲಿಲ್ಲ. ಒಳಗೊಳಗೇ ಏನೋ ಲೆಕ್ಕ ಹಾಕುತ್ತಿದ್ದರು. ಸ್ವಲ್ಪ ದೂರ ಬಂದ ಮೇಲೆ ಅದು ಹೊರಗೆ ಬಂತು.

"ಆಸ್ಪತ್ರೆಯಿಂದ ಬಂದ್ಮೇಲೆ ಎಷ್ಟ್ ಜನಕ್ಕೆ ಆಕಿವ್ನೋ ಟೀಚರಮ್ಮ. ಅನೂರು ಡಾಕುಟ್ರು ಕಾರು. ಬೆಟ್ಟದ್ ಟ್ಯಾಕ್ಸಿಗೋಳು. ಆ ಸ್ಕೂಲ್ ವ್ಯಾನು..."

"ದಾರಿಯಲ್ಲಿ ನಿಲ್ಲಿಸಿ ನೋಡಿರುತ್ತೀರಲ್ಲ ಅಣ್ಣಾ."

"ಕೈಲಿ ಸಕ್ತಿ ಇಲ್ದೋನು ನೋಡುದ್ರೇನು, ಬುಟ್ರೇನು? ಬಿಗಿ ಅದೆ ಅನ್ಕಂಡೆ ನಾನು. ಆ ವ್ಯಾನು ಮೊನ್ನೆ ಆಕುದ್ದು. ಇವತ್ತು ಮಕ್ಳ ಕೂರಿಸ್ಕಂಡು ಬೆಟ್ಟುಕ್ ಓಯ್ತೀವಿ ಅಂದಿದ್ದ ಡ್ರೈವರು."

ಫೋನು ತೆಗೆದು ಆ ಡ್ರೈವರಿಗೆ ಮಾಡಿದರು. ಎತ್ತಲಿಲ್ಲ. ಮತ್ತೆ ಮಾಡಿದರು. ಬೆಟ್ಟದ ದಾರಿಯಲ್ಲಿ ಸಿಗ್ನಲ್ ಸಿಗುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತು, ಬಾಯಿಬಿಟ್ಟು ಹೇಳಲು ಇಬ್ಬರಿಗೂ ಧೈರ್ಯವಿಲ್ಲ. ಕೊಳ್ಳೇಗಾಲ ಬರುವವರೆಗೂ ಅವರು ಫೋನು ಕಿವಿಗೆ ಒತ್ತಿಕೊಂಡೇ ಇದ್ದರು. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಅಂಗಡಿಯ ಮುಂದೆ ರತ್ನನ ಸ್ಕೂಟರು ನಿಂತಿತ್ತು. ಅತ್ತೆಗೆ ಹೆಚ್ಚೇನೂ ಪೆಟ್ಟಾಗದೆ ಅವಳು ವಾಪಸು ಬಂದಿದ್ದಳು. ನಮ್ಮ ಕಾರು ನೋಡಿ ಓಡಿ ಬಂದು, "ಇರಿ ಅಂದಿದ್ನಲ್ಲ ಟೀಚರಮ್ಮ!" ಎಂದಳು. ನಾನು ಉತ್ತರ ಕೊಡುವ ಮುಂಚೆ ಅವರು ಇಳಿದು, ಬೆಂಚಿನ ಮೇಲಿದ್ದ ಗಿರಾಕಿಗಳ ಎದುರು ನಿಂತು, ಆ ರಸ್ತೆಯಾಚೆಗೂ ಕೇಳುವ ದನಿಯಲ್ಲಿ ಹೇಳಿದರು.

"ಎಲ್ರೂ ಕೇಳ್ಕಳಿ. ಇವತ್ತು ನಾನ್ ಬಿಗ್ದ ನಟ್ಟು ದಾರೀಲಿ ಸಡ್ಲ ಆಯ್ತು. ತಪ್ಪು ನಂದು. ನನ್ ಕೈ ಓಗದೆ."

"ಅಪ್ಪ, ಮೆಲ್ಲುಕ" ಎಂದಳು ರತ್ನ.

"ಏನ್ ಮೆಲ್ಲುಕ? ಆಸ್ಪತ್ರೆಯಿಂದ ಬಂದ್ಮೇಲೆ ಟೈರ್ ಆಕುಸ್ಕಂಡೋರ್‌ಗೆಲ್ಲ ಫೋನ್ ಮಾಡು. ಎಲ್ಲಿದ್ರೂ ನಿಲ್ಸಿ ಅಂತ ಏಳು. ಮೊದ್ಲು ಆ ಸ್ಕೂಲ್ ವ್ಯಾನು. ಅವ್ನು ಎತ್ತಾ ಇಲ್ಲ, ನಾನ್ ಬೆಟ್ಟುಕ್ ಓಯ್ತೀನಿ, ಯಾರಾದ್ರೂ ಗಾಡಿ ತಗೀರಪ್ಪ!"

"ಅವ್ರ್‌ಗೇನೂ ಆಗಿರಲ್ಲ ಕನಪ್ಪ."

"ನಿಂಗೇನ್ ಗೊತ್ತು?"

ರತ್ನ ಗಿರಾಕಿಗಳ ಕಡೆ ಒಮ್ಮೆ ನೋಡಿದಳು. ಬೆಂಚಿನವರೆಲ್ಲ ಎದ್ದು ನಿಂತಿದ್ದರು. ಅವರು ಮತ್ತೆ, "ನಿಂಗೇನ್ ಗೊತ್ತು ಅಂತ ಕೇಳ್ದೆ" ಎಂದು ಗುಡುಗಿದರು. ಅವಳು ನೆಲ ನೋಡಿಕೊಂಡು ಹೇಳಿದಳು.

"ನೀನು ಮುಖ ತೊಳ್ಕಳಕೆ ಒಳಿಕ್ ಓಯ್ತಿದ್ಯಲ್ಲ, ಆಗ ನಾನು ಎಲ್ಲಾನೂ ಇನ್ನೊಂದ್ಸಲ ಬಿಗೀತಿದ್ದೆ. ಇವತ್ತೊಂದ್ ದಿನ ಆಗ್ನಿಲ್ಲ."

ಈ ಮನುಷ್ಯ ಏನು ಮಾಡುತ್ತಾನೋ! ಉಳಿದಿದ್ದ ಒಂದೇ ಒಂದು ಕೆಲಸ, ಅದೂ ತನ್ನದಾಗಿರಲಿಲ್ಲ ಎಂದು ಊರೆದುರಿಗೆ ಗೊತ್ತಾದ ಮೇಲೆ ಮಗಳ ಮೇಲೆ ಕೈ ಎತ್ತಿದರೂ ಎತ್ತಿಯಾರು ಎಂದು ನಾನು ಎರಡು ಹೆಜ್ಜೆ ಮುಂದೆ ಹೋದೆ. ಅವರು ಅಲ್ಲಾಡದೆ ನಿಂತಿದ್ದರು.

"ಸ್ಕೂಲ್ ವ್ಯಾನ್ದೂ?"

"ಅದ್ನೂ."

"ಡಾಕುಟ್ರುದೂ?"

"ಎಲ್ಲಾನೂ ಕನಪ್ಪ. ಒಂದೂ ಬುಟ್ಟಿಲ್ಲ."

ಅವರು ಹಿಂದೆ ಸರಿದು ಬೆಂಚಿನ ಮೇಲೆ ಕೂತರು. "ಸದ್ಯ" ಎಂದರು. ಇನ್ನೊಮ್ಮೆ, "ಸದ್ಯ ಕನವ್ವ" ಎಂದರು. ಆಮೇಲೆ ಅಷ್ಟು ಜನರೆದುರು, ಸಣ್ಣ ಮಗುವಿನ ಹಾಗೆ ಗಟ್ಟಿಯಾಗಿ ಅತ್ತರು. ನಾನೂ ಅತ್ತೆ, ಅದರಲ್ಲಿ ನಾಚಿಕೆ ಏನಿದೆ? ರತ್ನ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತರಚಿದ ಗೆಣ್ಣನ್ನು ತನ್ನ ದುಪಟ್ಟಾದಲ್ಲಿ ಒರೆಸುತ್ತಿದ್ದಳು.

"ನಂಗೊಂದ್ ಮಾತ್ ಏಳ್ಬಾರ್ದಾಗಿತ್ತಾ?" ಎಂದರು, ಅಳು ಸ್ವಲ್ಪ ತಗ್ಗಿದ ಮೇಲೆ.

"ಏಳಿದ್ರೆ ಬುಡ್ತಿದ್ಯಾ?"

ಅವರು ಯೋಚನೆ ಮಾಡಿದರು. "ಬುಡ್ತಿರ್ನಿಲ್ಲ" ಎಂದು ಒಪ್ಪಿಕೊಂಡು, ಕಾರಿನಿಂದ ಇಳಿದಾಗಿನಿಂದ ಬಿಡದೆ ಹಿಡಿದಿದ್ದ ಸ್ಪ್ಯಾನರನ್ನು ಎಡಗೈಯಲ್ಲಿ ಎತ್ತಿ ಮಗಳ ತೊಡೆಯ ಮೇಲಿಟ್ಟರು.